ಅಕ್ಕಪಕ್ಕದ ಸಂಖ್ಯೆಗಳ ನಂಟು

ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಆ ನೀರಿನ ಬಲವನ್ನೇ ನಂಬಿ 1885ರಲ್ಲಿ ಇಲ್ಲಿ ನೂಲಿನ ಕಂಪನಿಯೊಂದು ಹುಟ್ಟಿತು. ಫಾಲ್ಸ್ ನೋಡಲು ಬಂದವರು ತೂಗುಸೇತುವೆ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಕರದಂಟು ಕಟ್ಟಿಸಿಕೊಂಡು ಊರಿಗೆ ಹೊರಡುತ್ತಾರೆ. ನೂಲಿನ ಗಿರಣಿಯ ಒಳಗೆ ಹೊಕ್ಕವರಿಗೆ ಬೇರೆಯೇ ಲೋಕ ಕಾಣುತ್ತದೆ: ಒಂದಕ್ಕೊಂದು ಹಲ್ಲು ಕಚ್ಚಿ ತಿರುಗುವ ಗಿಯರ್‌ಗಳ ಸಾಲು. ನೂಲು ಎಷ್ಟು ಸಣ್ಣಗಾಗಬೇಕು, ಎಷ್ಟು ಹುರಿಗೊಳ್ಳಬೇಕು ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಈ ಗಿಯರ್‌ಗಳ ಹಲ್ಲಿನ ಲೆಕ್ಕವೇ.

ಗಿಯರ್ ಮಾಡುವವರಲ್ಲಿ ಹಳೆಯದೊಂದು ಪದ್ಧತಿ ಇದೆ. 24 ಹಲ್ಲಿನ ಸಣ್ಣ ಗಿಯರು 60 ಹಲ್ಲಿನ ದೊಡ್ಡ ಗಿಯರನ್ನು ತಿರುಗಿಸುತ್ತಿದೆ ಎನ್ನಿ. 24 ಮತ್ತು 60ರ ಲ.ಸಾ.ಅ. 120. ಅಂದರೆ ಸಣ್ಣ ಗಿಯರು ಐದು ಸುತ್ತು ಹಾಕುವಷ್ಟರಲ್ಲಿ ಎಲ್ಲ ಮೊದಲಿದ್ದ ಜಾಗಕ್ಕೆ ಬಂದು ನಿಲ್ಲುತ್ತದೆ. ಸಣ್ಣದರ ಒಂದೊಂದು ಹಲ್ಲಿಗೂ ದೊಡ್ಡದರ ಐದೇ ಹಲ್ಲುಗಳ ಸಹವಾಸ. ಒಂದು ಹಲ್ಲಿನಲ್ಲಿ ಸಣ್ಣ ಗಂಟಿದ್ದರೂ ಅದು ಆ ಐದನ್ನೇ ಮತ್ತೆ ಮತ್ತೆ ಸವೆಸುತ್ತದೆ. ದೊಡ್ಡ ಗಿಯರಿಗೆ ಒಂದೇ ಒಂದು ಹಲ್ಲು ಹೆಚ್ಚಿಗೆ ಕೊಟ್ಟು 61 ಮಾಡಿದರೆ ಕತೆ ಬದಲಾಗುತ್ತದೆ. 24ಕ್ಕೂ 61ಕ್ಕೂ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನವೇ ಇಲ್ಲ. ಸಣ್ಣ ಗಿಯರು 61 ಸುತ್ತು ಹಾಕಿ, ಪ್ರತಿ ಹಲ್ಲೂ ಎದುರಿನ 61 ಹಲ್ಲುಗಳನ್ನೂ ಒಮ್ಮೊಮ್ಮೆ ಮುಟ್ಟಿದ ಮೇಲೆಯೇ ಮೊದಲಿನ ಜೋಡಿ ಮರಳುತ್ತದೆ. ಸವೆತ ಎಲ್ಲ ಹಲ್ಲುಗಳಿಗೂ ಹಂಚಿಹೋಗುತ್ತದೆ.

ಇಲ್ಲಿ ಕೆಲಸ ಮಾಡಿದ್ದು ಏಳನೆಯ, ಎಂಟನೆಯ ತರಗತಿಯ ಗಣಿತ. ಪಕ್ಕಪಕ್ಕ ಇರುವ ಎರಡು ಸಂಖ್ಯೆಗಳಿಗೆ ಹಂಚಿಕೊಂಡ ಅವಿಭಾಜ್ಯ ಅಪವರ್ತನ ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ. ಈ ಒಂದು ಪ್ರಶ್ನೆಯನ್ನು ಹಿಡಿದು ಸಂಖ್ಯೆಗಳ ಉದ್ದುದ್ದ ಸಾಲುಗಳನ್ನು ಕಟ್ಟಿದವರಿದ್ದಾರೆ. ಅದೇ ಪ್ರಶ್ನೆಯ ಇನ್ನೊಂದು ರೂಪದ ಬೆನ್ನು ಹತ್ತಿ, ಜಗತ್ತಿನ ಗಣಿತಜ್ಞರು ಇವತ್ತಿಗೂ ಉಲ್ಲೇಖಿಸುವ ಫಲಿತಾಂಶ ತೆಗೆದವರಲ್ಲಿ ಮಂಡ್ಯದಲ್ಲಿ ಹುಟ್ಟಿದ ಕನ್ನಡಿಗರೊಬ್ಬರೂ ಇದ್ದಾರೆ.

ಹಂಚಿಕೊಂಡ ಅಪವರ್ತನದ ವಿಚಾರ ಈ ನೆಲಕ್ಕೆ ಹೊಸದೇನಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಭಿನ್ನರಾಶಿಗಳನ್ನು ಕೂಡಿಸಲು ಲ.ಸಾ.ಅ.ದ ವಿಧಾನವನ್ನು ಹೇಳಿಕೊಟ್ಟ. ಅದನ್ನು ಆತ ಕರೆದದ್ದು ‘ನಿರುದ್ಧ’ ಎಂದು. ಆರನೆಯ ಒಂದು ಪಾಲಿಗೆ ಹತ್ತನೆಯ ಒಂದು ಪಾಲು ಕೂಡಿಸುವಾಗ ಛೇದವನ್ನು 60ಕ್ಕೆ ಒಯ್ಯಬೇಕಿಲ್ಲ, 30 ಸಾಕು. 6ಕ್ಕೂ 10ಕ್ಕೂ 2 ಎಂಬ ಅಪವರ್ತನ ಹಂಚಿಕೆಯಲ್ಲಿರುವುದರಿಂದ ಅಷ್ಟು ಉಳಿತಾಯ.

ಇನ್ನು ಸಂಖ್ಯೆಗಳ ಸಾಲು ಕಟ್ಟುವ ಆಟ. 2001ರಲ್ಲಿ ಜೊನಾಥನ್ ಏಯರ್ಸ್ ಎಂಬಾತ ಕೊಟ್ಟ ನಿಯಮ ಎರಡೇ ಸಾಲಿನದು. 1, 2 ಎಂದು ಶುರು ಮಾಡಿ. ಆಮೇಲೆ ಪ್ರತಿ ಸಲ, ಇದುವರೆಗೆ ಬಳಸದ ಸಂಖ್ಯೆಗಳಲ್ಲಿ ಹಿಂದಿನ ಸಂಖ್ಯೆಯೊಡನೆ ಅಪವರ್ತನ ಹಂಚಿಕೊಳ್ಳುವ ಅತಿ ಚಿಕ್ಕದನ್ನು ಬರೆಯಿರಿ. 2ರ ನಂತರ 4. 4ರ ನಂತರ 6. 6ರ ನಂತರ 3, ಯಾಕೆಂದರೆ 3 ಇನ್ನೂ ಬಳಕೆಯಾಗಿಲ್ಲ, 6ರೊಡನೆ ಹೊಂದುತ್ತದೆ. 3ರ ನಂತರ 9, ಆಮೇಲೆ 12, 8, 10, 5, 15, 18, 14, 7, 21, 24, 16, 20, 22, 11, 33... ಹೀಗೆ ಸಾಗುತ್ತದೆ. ಗ್ರಾಫ್ ಬಿಡಿಸಿದರೆ ಗೆರೆ ಮೇಲಕ್ಕೆ ಚಿಮ್ಮಿ ಕೆಳಕ್ಕೆ ಬಿದ್ದು ಹೃದಯದ ಇಸಿಜಿ ಪಟ್ಟಿಯ ಹಾಗೆ ಕಾಣುವುದರಿಂದ ಈ ಸಾಲಿಗೆ ಅದೇ ಹೆಸರು ಬಿತ್ತು.

ಸಾಲನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಒಂದು ಲಯ ಕಣ್ಣಿಗೆ ಬೀಳುತ್ತದೆ. 6, 3, 9. ಮುಂದೆ 10, 5, 15. ಮುಂದೆ 14, 7, 21. ಆಮೇಲೆ 22, 11, 33. ಬೆಸ ಅವಿಭಾಜ್ಯ ಸಂಖ್ಯೆ ಬಂದಾಗಲೆಲ್ಲ ಹಿಂದೆ ಅದರ ಎರಡರಷ್ಟು, ಮುಂದೆ ಅದರ ಮೂರರಷ್ಟು. ನಿಯಮದಲ್ಲಿ ಇಂಥ ಮಾತೇ ಇಲ್ಲ. ಹೇಳಿದ್ದು ಪಕ್ಕದ ಸಂಖ್ಯೆಯ ಬಗ್ಗೆ ಮಾತ್ರ. 2002ರಲ್ಲಿ ಜೆಫ್ರಿ ಲಗಾರಿಯಾಸ್, ಎರಿಕ್ ರೇನ್ಸ್, ನೀಲ್ ಸ್ಲೋನ್ ಮೂವರೂ ಸೇರಿ ಈ ಸಾಲಿನಲ್ಲಿ ಯಾವ ಸಂಖ್ಯೆಯೂ ತಪ್ಪಿಹೋಗುವುದಿಲ್ಲ, ಇವತ್ತಲ್ಲ ನಾಳೆ ಎಲ್ಲವೂ ಬಂದೇ ಬರುತ್ತವೆ ಎಂದು ಸಾಧಿಸಿದರು. ಕಂಪ್ಯೂಟರಿನಲ್ಲಿ ಒಂದು ಕೋಟಿ ಪದಗಳವರೆಗೆ ಲೆಕ್ಕ ಹಾಕಿ ನೋಡಿದರು. ಆದರೆ ಅವಿಭಾಜ್ಯದ ಹಿಂದೆ ಅದರ ಎರಡರಷ್ಟೇ ಬರುತ್ತದೆ ಎಂಬುದು ಅವರಿಗೂ ಊಹೆಯಾಗಿಯೇ ಉಳಿಯಿತು. ಅದನ್ನು ಸಾಧಿಸಿದವರು ಪೋಲೆಂಡಿನ ಪಿಯೊಟರ್ ಹಾಫ್‌ಮನ್ ಮತ್ತು ಮಾರ್ಚಿನ್ ಪಿಲಿಪ್ಚುಕ್, 2008ರಲ್ಲಿ.

ನಿಯಮವನ್ನು ಇನ್ನೊಂದು ಸುತ್ತು ಬಿಗಿ ಮಾಡಿದರೆ ಇನ್ನೊಂದು ಸಾಲು ಸಿಗುತ್ತದೆ. ಮೊದಲಿಗೆ 1, 2, 3. ಆಮೇಲೆ ಬರುವ ಪ್ರತಿ ಸಂಖ್ಯೆ ತನ್ನ ಪಕ್ಕದ್ದರ ಜೊತೆ ಯಾವ ಅಪವರ್ತನವನ್ನೂ ಹಂಚಿಕೊಳ್ಳಬಾರದು, ಆದರೆ ಅದರ ಹಿಂದಿನದರ ಜೊತೆ ಹಂಚಿಕೊಳ್ಳಲೇಬೇಕು. ಹಾಗಾದಾಗ 4, 9, 8, 15, 14, 5, 6, 25, 12, 35, 16, 7, 10 ಎಂದು ಸಾಲು ಓಡುತ್ತದೆ. 15ರ ಪಕ್ಕ 14 ಕೂತದ್ದು 8ರ ನಂಟಿನಿಂದ. 14ರ ಪಕ್ಕ 5 ಕೂತದ್ದು 15ರ ನಂಟಿನಿಂದ. ಇದರ ಗ್ರಾಫಿನಲ್ಲಿ ಅಲ್ಲಲ್ಲಿ ಚುಕ್ಕೆಗಳು ಥಟ್ಟನೆ ಮೇಲಕ್ಕೆ ಚಿಮ್ಮುತ್ತವೆ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಬಿಸಿನೀರ ಬುಗ್ಗೆಗಳನ್ನು ನೆನೆದು ಇದಕ್ಕೆ ‘ಯೆಲ್ಲೊಸ್ಟೋನ್’ ಎಂದೇ ಹೆಸರಿಟ್ಟರು. ಇದರಲ್ಲೂ ಎಲ್ಲ ಸಂಖ್ಯೆಗಳು ಒಂದೊಂದೇ ಸಲ ಬರುತ್ತವೆ ಎಂಬ ಸಾಧನೆ 2015ರಲ್ಲಿ ಪ್ರಕಟವಾಯಿತು.

ಇಂಥ ಸಾಲುಗಳಿಗೊಂದು ಜಾತಕ ಪುಸ್ತಕವೇ ಇದೆ. ನೀಲ್ ಸ್ಲೋನ್ 1964ರಲ್ಲಿ, ತಾವಿನ್ನೂ ಸಂಶೋಧನ ವಿದ್ಯಾರ್ಥಿಯಾಗಿದ್ದಾಗ, ಸಂಖ್ಯಾ ಅನುಕ್ರಮಗಳನ್ನು ಕೂಡಿಡಲು ಶುರು ಮಾಡಿದರು. 1973ರ ಅವರ ಪುಸ್ತಕದಲ್ಲಿ 2372 ಸಾಲುಗಳಿದ್ದವು. 1996ರಲ್ಲಿ ಆ ಸಂಗ್ರಹ ಅಂತರ್ಜಾಲಕ್ಕೆ ಬಂತು. ಈಗ ಅದರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಸಾಲುಗಳಿವೆ.

ಸಾಲು ಕಟ್ಟುವುದನ್ನೆಲ್ಲ ಬಿಟ್ಟು, ನಮಗೆ ಗೊತ್ತಿರುವ 1, 2, 3, 4ರ ಸಾಲನ್ನೇ ತೆಗೆದುಕೊಂಡರೆ? ಅಲ್ಲಿ ಪಕ್ಕದ ಎರಡು ಸಂಖ್ಯೆಗಳಿಗೆ ಹಂಚಿಕೊಂಡ ಅಪವರ್ತನ ಎಂದೂ ಇರುವುದಿಲ್ಲ. ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವನ್ನೂ ಭಾಗಿಸಬೇಕು. ವ್ಯತ್ಯಾಸ ಇರುವುದೇ 1. ಹಾಗಾದರೆ ಪ್ರಶ್ನೆ ಎರಡಕ್ಕೇ ನಿಲ್ಲದೆ ಇಡೀ ಗುಂಪಿಗೆ ಹೋಗುತ್ತದೆ. ಸಾಲಾಗಿ ಕೂತ ಹತ್ತು, ಹದಿನೈದು ಸಂಖ್ಯೆಗಳಲ್ಲಿ ಉಳಿದವರಾರ ಜೊತೆಗೂ ಅಪವರ್ತನ ಹಂಚಿಕೊಳ್ಳದ ಒಂಟಿ ಸಂಖ್ಯೆ ಒಂದಾದರೂ ಇರುತ್ತದೆಯೇ?

ಇದನ್ನು ಕೈಗೆತ್ತಿಕೊಂಡವರು ಎಸ್. ಎಸ್. ಪಿಳ್ಳೈ. ತಮಿಳುನಾಡಿನ ಇವರು ರಾಮಾನುಜನ್ ನಂತರದ ತಲೆಮಾರಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲೊಬ್ಬರು. ಹದಿನಾರು ಸಂಖ್ಯೆಗಳವರೆಗೆ ಇಂಥ ಒಂಟಿ ಇದ್ದೇ ಇರುತ್ತದೆ, ಹದಿನೇಳಕ್ಕೆ ಬಂದಾಗ ನಿಯಮ ಮುರಿಯುತ್ತದೆ ಎಂದು 1940ರ ಹೊತ್ತಿಗೆ ಅವರು ತೋರಿಸಿದರು. ಮುರಿಯುವ ಮೊದಲ ಜಾಗ 2184ರಿಂದ 2200. ಈ ಹದಿನೇಳರಲ್ಲಿ ಸಮಸಂಖ್ಯೆಗಳೆಲ್ಲ 2ರಿಂದ ಒಂದಾಗುತ್ತವೆ. 2187, 2193, 2199 ಇವು 3ರಿಂದ. 2185, 2195 ಇವು 5ರಿಂದ. ಉಳಿದವು ಮೂರು: 2189, 2191, 2197. 2189 ಎಂದರೆ 11×199, ಆ 11 ತುದಿಯ 2200ರಲ್ಲಿದೆ. 2191 ಎಂದರೆ 7×313, ಆ 7 ಮೊದಲ 2184ರಲ್ಲಿದೆ. 2197 ಎಂದರೆ 13ರ ಘನ, ಅದರ 13 ಕೂಡ 2184ರಲ್ಲೇ ಸಿಗುತ್ತದೆ. ಒಂಟಿಯಾಗಿ ಉಳಿದವರು ಯಾರೂ ಇಲ್ಲ. ಪಿಳ್ಳೈ ಅವರ ಬದುಕು ಅಕಾಲದಲ್ಲಿ ಮುಗಿಯಿತು: 1950ರ ಆಗಸ್ಟ್ 31ರಂದು, ಅಮೆರಿಕದಲ್ಲಿ ನಡೆಯಲಿದ್ದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನಕ್ಕೆ ಹೊರಟಿದ್ದ ಅವರ ವಿಮಾನ ಕೈರೊ ಬಳಿ ಬಿದ್ದುಹೋಯಿತು.

1969ರಲ್ಲಿ ಸಿ. ಎ. ಗ್ರಿಮ್ ಎಂಬ ಅಮೆರಿಕದ ಗಣಿತಜ್ಞ ಪ್ರಶ್ನೆಯನ್ನು ತಿರುವಿ ಹಾಕಿದ. ಎರಡು ಅವಿಭಾಜ್ಯಗಳ ನಡುವೆ ಸಾಲಾಗಿ ಕೂತ ಸಂಯುಕ್ತ ಸಂಖ್ಯೆಗಳನ್ನು ತೆಗೆದುಕೊಳ್ಳಿ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ, ಪ್ರತಿ ಸಂಖ್ಯೆಯೂ ತನ್ನನ್ನು ಭಾಗಿಸುವ ಒಂದು ಅವಿಭಾಜ್ಯವನ್ನು ಹಿಡಿಯಬೇಕು. ಒಬ್ಬರು ಹಿಡಿದದ್ದನ್ನು ಇನ್ನೊಬ್ಬರು ಹಿಡಿಯುವಂತಿಲ್ಲ. ಎಲ್ಲರಿಗೂ ಸಿಕ್ಕೇ ಸಿಗುತ್ತದೆ ಎಂಬುದು ಗ್ರಿಮ್‌ನ ಊಹೆ.

113 ಮತ್ತು 127ರ ನಡುವಿನ ಹದಿಮೂರು ಸಂಖ್ಯೆಗಳ ಮೇಲೆ ಇದನ್ನು ಪರೀಕ್ಷಿಸಬಹುದು. ಮೊದಲು ಬೇರೆ ದಾರಿಯಿಲ್ಲದವರ ಪಾಲು: 121 ಎಂದರೆ 11×11, ಅದಕ್ಕೆ 11 ಮಾತ್ರ. 125ಕ್ಕೆ 5 ಮಾತ್ರ. ಹಾಗಾಗಿ 115 ತನ್ನ 5ನ್ನು ಬಿಟ್ಟುಕೊಟ್ಟು 23ನ್ನು ಹಿಡಿಯಬೇಕು. 120ಕ್ಕೂ 5 ಇಲ್ಲ, ಅದು 2ಕ್ಕೆ ಹೋಗಲಿ. 126ಕ್ಕೆ 7 ಕೊಟ್ಟರೆ 119 ತನ್ನ 17ರಲ್ಲಿ ತೃಪ್ತಿ ಪಡಬೇಕು. ಉಳಿದವರಿಗೆ ಕಷ್ಟವಿಲ್ಲ: 114ಕ್ಕೆ 19, 116ಕ್ಕೆ 29, 117ಕ್ಕೆ 13, 118ಕ್ಕೆ 59, 122ಕ್ಕೆ 61, 123ಕ್ಕೆ 41, 124ಕ್ಕೆ 31. ಹದಿಮೂರಕ್ಕೆ ಹದಿಮೂರು, ಯಾರಿಗೂ ಎರಡಿಲ್ಲ, ಯಾರಿಗೂ ಇಲ್ಲ ಎಂದಿಲ್ಲ.

ನಡುವೆ ಅವಿಭಾಜ್ಯ ಬಂದರೂ ಮುಂದುವರಿಯಬಹುದಲ್ಲ ಎಂದು ಕೇಳಬಹುದು. 23ರ ನಂತರದ ಸಾಲು ನೋಡಿ. 24ರಿಂದ 28ರವರೆಗೆ ಎಲ್ಲರಿಗೂ ಸಿಗುತ್ತದೆ. 29 ತಾನೇ ಅವಿಭಾಜ್ಯ, ತನ್ನನ್ನೇ ಹಿಡಿಯುತ್ತದೆ. ಅದನ್ನು ದಾಟಿ 30ಕ್ಕೆ ಕಾಲಿಟ್ಟರೆ ಗಾಡಿ ನಿಲ್ಲುತ್ತದೆ. 24, 25, 27, 30 ಈ ನಾಲ್ಕೂ 2, 3, 5ರಿಂದಲೇ ಆದವು. ನಾಲ್ವರಿಗೆ ಮೂರೇ ಅವಿಭಾಜ್ಯ. ಹೇಗೆ ಹಂಚಿದರೂ ಒಬ್ಬರಿಗೆ ಇಲ್ಲ.

ಇದರಲ್ಲೇ ಗ್ರಿಮ್ ಊಹೆಯ ಆಳ ಅಡಗಿದೆ. ಸಾಲು ಉದ್ದವಾದಂತೆ ಚಿಕ್ಕ ಅವಿಭಾಜ್ಯಗಳಿಗೆ ನೂಕುನುಗ್ಗಲು ಹೆಚ್ಚುತ್ತದೆ. ಎಲ್ಲರಿಗೂ ಪಾಲು ಸಿಗಬೇಕಾದರೆ, ನುಗ್ಗಲು ಮಿತಿಮೀರುವ ಮೊದಲೇ ಸಾಲು ಮುಗಿದು ಮುಂದಿನ ಅವಿಭಾಜ್ಯ ಬಂದಿರಬೇಕು. ಅಂದರೆ ಊಹೆ ನಿಜವಾದರೆ ಅವಿಭಾಜ್ಯಗಳ ನಡುವಿನ ಅಂತರಕ್ಕೆ ಒಂದು ಲಗಾಮು ಬೀಳುತ್ತದೆ. ಪಾಲ್ ಎರ್ಡಿಶ್ ಮತ್ತು ಜಾನ್ ಸೆಲ್‌ಫ್ರಿಜ್ 1971ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದಾಗ ಗಣಿತಲೋಕ ಬೆಚ್ಚಿತು. 100 ಮತ್ತು 121ರ ಹಾಗೆ ಪಕ್ಕಪಕ್ಕದ ಎರಡು ವರ್ಗಗಳ ನಡುವೆ ಒಂದಾದರೂ ಅವಿಭಾಜ್ಯ ಇರುತ್ತದೆ ಎಂಬ ಹಳೆಯ ಊಹೆ ಒಂದಿದೆ. ಎಡ್ಮಂಡ್ ಲಾಂಡೌ 1912ರಲ್ಲೇ ಅದನ್ನು ಕೈಗೆ ಎಟುಕದ ನಾಲ್ಕು ಪ್ರಶ್ನೆಗಳ ಪಟ್ಟಿಯಲ್ಲಿ ಸೇರಿಸಿದ್ದ. ಗ್ರಿಮ್ ಊಹೆಯನ್ನು ಸಾಧಿಸಿದರೆ, ಸಾಕಷ್ಟು ದೊಡ್ಡ ಸಂಖ್ಯೆಗಳಿಗೆ ಆ ಹಳೆಯದೂ ಜೊತೆಗೇ ಬಗೆಹರಿಯುತ್ತದೆ. ಶಾಲೆಯ ಹುಡುಗರೂ ಆಡಬಹುದಾದ ಆಟದ ಹಿಂದೆ ಇಷ್ಟು ದೊಡ್ಡ ಬಂಡೆ ಕೂತಿತ್ತು.

ಈ ಬಂಡೆಗೆ ಕೈ ಹಚ್ಚಿದವರಲ್ಲಿ ಒಬ್ಬರು ಕೆ. ರಾಮಚಂದ್ರ. ಪೂರ್ತಿ ಹೆಸರು ಕನಕನಹಳ್ಳಿ ರಾಮಚಂದ್ರ, ಹುಟ್ಟಿದ್ದು 1933ರ ಆಗಸ್ಟ್ 18ರಂದು ಮಂಡ್ಯದಲ್ಲಿ. ಹದಿಮೂರನೆಯ ವಯಸ್ಸಿಗೇ ತಂದೆ ತೀರಿಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಅವರಿಗೆ ಹೊಟ್ಟೆಪಾಡಿಗಾಗಿ ಮಿನರ್ವ ಮಿಲ್ಸ್‌ನಲ್ಲಿ ಗುಮಾಸ್ತಿಕೆ ಮಾಡಬೇಕಾಗಿ ಬಂತು. ಸಂವಿಧಾನ ತಿದ್ದುಪಡಿ ಕುರಿತ 1980ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಇವತ್ತು ಕಾನೂನು ವಿದ್ಯಾರ್ಥಿಗಳಿಗೆಲ್ಲ ಗೊತ್ತಿರುವ ಅದೇ ಬಟ್ಟೆ ಗಿರಣಿ. ಲೆಡ್ಜರು ಮುಚ್ಚಿದ ಮೇಲೆ ಉಳಿದ ಹೊತ್ತಿನಲ್ಲಿ ಅವರು ತಾವಾಗಿಯೇ ಸಂಖ್ಯಾಶಾಸ್ತ್ರ ಓದಿಕೊಂಡರು. ಮುಂದೆ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಿದರು. 1958ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಸೇರಿ, ಕೆ. ಜಿ. ರಾಮನಾಥನ್ ಅವರ ಮಾರ್ಗದರ್ಶನದಲ್ಲಿ 1965ಕ್ಕೆ ಪಿಎಚ್.ಡಿ. ಪಡೆದು, 1995ರವರೆಗೆ ಅಲ್ಲೇ ದುಡಿದರು.

ಗ್ರಿಮ್ ಊಹೆ ಪ್ರಕಟವಾದ 1969ರಲ್ಲೇ ರಾಮಚಂದ್ರರು ಅದಕ್ಕೆ ನೆಂಟಸ್ತಿಕೆಯುಳ್ಳ ಇನ್ನೊಂದು ಫಲಿತಾಂಶ ಕೊಟ್ಟಿದ್ದರು. ದೊಡ್ಡದೊಂದು ಸಂಖ್ಯೆಯಿಂದ ಶುರು ಮಾಡಿ ಅದರ ವರ್ಗಮೂಲದಷ್ಟು ದೂರ ನಡೆದರೆ, ದಾರಿಯಲ್ಲಿ ಅವಿಭಾಜ್ಯ ಸಿಕ್ಕೇ ಸಿಗುತ್ತದೆ ಎಂದು ಇವತ್ತಿಗೂ ಯಾರೂ ಸಾಧಿಸಿಲ್ಲ. ಅವಿಭಾಜ್ಯ ಸಿಗದಿದ್ದರೆ ಬೇಡ, ದೊಡ್ಡ ಅವಿಭಾಜ್ಯ ಅಪವರ್ತನವಿರುವ ಸಂಖ್ಯೆಯಾದರೂ ಸಿಗುತ್ತದೆಯೇ ಎಂದು ರಾಮಚಂದ್ರರು ಕೇಳಿದರು. ಸಿಗುತ್ತದೆ, ಆ ಅಪವರ್ತನ ಶುರುವಿನ ಸಂಖ್ಯೆಯ 15/26ನೆಯ ಘಾತಕ್ಕಿಂತ ದೊಡ್ಡದಾಗಿರುತ್ತದೆ ಎಂದು ತೋರಿಸಿದರು. ಅಂದರೆ ವರ್ಗಮೂಲವನ್ನು ಸ್ಪಷ್ಟವಾಗಿ ಮೀರಿದ ಅಪವರ್ತನ. ಆಮೇಲೆ ಹಲವರು ಈ ಘಾತವನ್ನು ಮೇಲಕ್ಕೇರಿಸುತ್ತ ಬಂದರು.

1975ರಲ್ಲಿ ರಾಮಚಂದ್ರ, ಅವರ ಶಿಷ್ಯ ಟಿ. ಎನ್. ಶೋರೆ ಮತ್ತು ನೆದರ್ಲೆಂಡ್ಸ್‌ನ ರಾಬರ್ಟ್ ಟೈಡೆಮನ್ ಮೂವರೂ ಸೇರಿ ನೇರವಾಗಿ ಗ್ರಿಮ್ ಪ್ರಶ್ನೆಗೇ ಕೈಹಾಕಿದರು. ಒಂದು ಸಂಖ್ಯೆಯಿಂದ ಮುಂದಕ್ಕೆ ಎಷ್ಟು ಸಂಖ್ಯೆಗಳವರೆಗೆ ಜಗಳವಿಲ್ಲದೆ ಅವಿಭಾಜ್ಯ ಹಂಚಬಹುದು ಎಂಬುದಕ್ಕೆ ಖಾತ್ರಿಯ ಮಿತಿಯೊಂದನ್ನು ಕೊಟ್ಟರು. ಸುಮಾರಾಗಿ ಹೇಳುವುದಾದರೆ, ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದರ ಘನಕ್ಕೆ ಸ್ವಲ್ಪ ಕಡಿಮೆ ಎಂಬ ದರದಲ್ಲಿ ಆ ಮಿತಿ ಬೆಳೆಯುತ್ತದೆ. ಅವರು ಬಳಸಿದ ಆಯುಧ, 1970ರಲ್ಲಿ ಫೀಲ್ಡ್ಸ್ ಪದಕ ಪಡೆದಿದ್ದ ಅಲನ್ ಬೇಕರ್ ರೂಪಿಸಿದ ವಿಧಾನ. ಕೆಲವೇ ಚಿಕ್ಕ ಅವಿಭಾಜ್ಯಗಳನ್ನು ಗುಣಿಸಿ ಆದ ದೊಡ್ಡ ಸಂಖ್ಯೆಗಳು ಒಂದಕ್ಕೊಂದು ತೀರ ಹತ್ತಿರ ಕೂರಲಾರವು ಎಂಬುದು ಆ ವಿಧಾನದ ಸಾರ. 24, 25, 27, 30 ಚಿಕ್ಕವರಾದ್ದರಿಂದ ಒತ್ತಿಕೊಂಡು ಕೂತವು. ನೂರು ಅಂಕಿಗಳ ಸಂಖ್ಯೆಗಳಿಗೆ ಅಂಥ ಸಲಿಗೆ ಇಲ್ಲ; ಆದ್ದರಿಂದ ಅಲ್ಲಿ ನೂಕುನುಗ್ಗಲು ಶುರುವಾಗುವುದೂ ತಡ.

ರಾಮಚಂದ್ರರ ಹೆಸರು ಗಣಿತದಲ್ಲಿ ಉಳಿದಿರುವುದು ಇದೊಂದರಿಂದಲೇ ಅಲ್ಲ. ಝೀಟಾ ಫಲನದ ಮೇಲೆ, ಅತೀತ ಸಂಖ್ಯೆಗಳ ಮೇಲೆ ಅವರು ಮಾಡಿದ ಕೆಲಸ ದೊಡ್ಡದು. 1978ರಲ್ಲಿ ಆರ್. ಬಾಲಸುಬ್ರಮಣಿಯನ್ ಜೊತೆಗೂಡಿ ‘ಹಾರ್ಡಿ–ರಾಮಾನುಜನ್ ಜರ್ನಲ್’ ಹೊರತಂದರು. ಸಂಚಿಕೆ ಬರುತ್ತಿದ್ದದ್ದು ಡಿಸೆಂಬರ್ 22ಕ್ಕೆ, ರಾಮಾನುಜನ್ ಹುಟ್ಟಿದ ದಿನಕ್ಕೆ. ನಿವೃತ್ತಿಯ ನಂತರ ಬೆಂಗಳೂರಿಗೆ ಮರಳಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. 2011ರ ಜನವರಿ 17ರಂದು ತೀರಿಕೊಂಡರು.

ಅವರ ಶಿಷ್ಯ ಶೋರೆ ಗ್ರಿಮ್ ಪ್ರಶ್ನೆಯನ್ನು ಕೈಬಿಡಲಿಲ್ಲ. 2006ರಲ್ಲಿ ಶೋರೆ ಮತ್ತು ಶಾಂತಾ ಲೈಶ್ರಾಮ್ ಸೇರಿ 1900 ಕೋಟಿವರೆಗಿನ ಸಂಖ್ಯೆಗಳಿಗೆ ಊಹೆ ನಿಜ ಎಂದು ತಾಳೆ ನೋಡಿದರು. ಎಲ್ಲ ಸಂಖ್ಯೆಗಳಿಗೂ ನಿಜ ಎಂಬ ಸಾಧನೆ ಇನ್ನೂ ಆಗಿಲ್ಲ. ತಪ್ಪು ಎನ್ನಲು ಒಂದು ಉದಾಹರಣೆಯೂ ಸಿಕ್ಕಿಲ್ಲ.

ಪೆನ್ನು ಕಾಗದ ಹಿಡಿದು ಪ್ರಯತ್ನಿಸುವ ಓದುಗರಿಗೆ 523 ಮತ್ತು 541ರ ನಡುವಿನ ಸಾಲು ಒಳ್ಳೆಯದು. ಎರಡೂ ಅವಿಭಾಜ್ಯಗಳು, ನಡುವೆ ಹದಿನೇಳು ಸಂಯುಕ್ತ ಸಂಖ್ಯೆಗಳು. 529 ಎಂದರೆ 23ರ ವರ್ಗ, ಅದರ ಪಾಲು ಮೊದಲೇ ತೀರ್ಮಾನವಾಗಿದೆ. ಉಳಿದ ಬಹಳಷ್ಟಕ್ಕೆ ಬೇರೆ ಯಾರಿಗೂ ಬೇಡದ ದೊಡ್ಡ ಅವಿಭಾಜ್ಯವೊಂದು ಸುಲಭವಾಗಿ ಸಿಗುತ್ತದೆ. ಎಳೆದಾಟ ಇರುವುದು 525, 528, 539, 540 ಈ ನಾಲ್ಕರ ನಡುವೆ. ಇವಕ್ಕೆ ಸಿಗುವುದು 2, 3, 5, 7, 11 ಮಾತ್ರ, ಅದರಲ್ಲೂ 539ಕ್ಕೆ 7 ಮತ್ತು 11ನ್ನು ಬಿಟ್ಟರೆ ಬೇರೇನೂ ಇಲ್ಲ.